ಗುಂಡಿಗೊಂದು ಮುಚ್ಚಳ

ಮಾರ್ಚ್ 14, ಮಂಗಳವಾರ

ನನ್ನ ಮೇಲೆ ನನಗೇ ಅಸಹ್ಯ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಗೇಟಿನ ಪಕ್ಕ ಡಾಂಬರು ಕುಸಿದು ಗುಂಡಿ ಬಿದ್ದಿದೆ. ಅಡಿಯ ಜಲ್ಲಿಗೆ ನೀರಿಳಿದಿದೆ, ಅಗೆದು ಚರಂಡಿ ಮಾಡದೆ ಬೇರೆ ದಾರಿಯಿಲ್ಲ ಎಂದು ಮ್ಯಾನೇಜರ್‌ಗೆ ಬಾಯಿ ನೋಯುವಷ್ಟು ಹೇಳಿದ್ದೆ. ಇವತ್ತು ಮಾಲೀಕರು ಬರುವ ಮೊದಲು ಮ್ಯಾನೇಜರ್ ಮೆಲ್ಲಗೆ, "ನಿಮ್ಮ ಕಾರನ್ನ ಅದರ ಮೇಲೆ ನಿಲ್ಸಿಬಿಡಿ ಇಂಜಿನಿಯರೇ, ಕಾಣಲ್ಲ" ಎಂದ.

ನಿಲ್ಲಿಸಿದೆ. ಥೂ.

ಮಾಲೀಕರು ನನ್ನ ಕಾರಿನ ಮೇಲೇ ಕೈಯೂರಿ, "ನೆಲ ಚೆನ್ನಾಗಿಟ್ಟಿದೀರ" ಅಂದರು. ಹಲ್ಲು ಕಿರಿದೆ.

ಸಂಜೆ ಹೊತ್ತಿಗೆ ಅಲ್ಲೊಂದು ಬೋರ್ಡ್ ನೆಟ್ಟಿದ್ದರು: ಇಂಜಿನಿಯರ್ ಕಾರಿಗೆ ಮಾತ್ರ. ಹೆಂಡತಿಗೆ ಬೋರ್ಡಿನ ವಿಷಯವಷ್ಟೇ ಹೇಳಿದೆ. ಅವಳ ಮುಖ ಅರಳಿತು. "ಅಂತೂ ಇಷ್ಟು ವರ್ಷಕ್ಕೆ ನಿಮಗೂ ಒಂದು ಜಾಗ ಅಂತ ಕೊಟ್ರಲ್ಲ."

ನಾಳೆಯೂ ಅಲ್ಲೇ ನಿಲ್ಲಿಸಬೇಕು. ನಾಡಿದ್ದೂ.