ಯಾರ ಕಡೆಯವರು?

ಕಡೂರು, ೧೨ ಜೂನ್, ಗುರುವಾರ

ಬಸ್ ಸ್ಟ್ಯಾಂಡಿನ ಹಿಂದೆಯೇ ಮನೆ ಕಟ್ಟಿದವರಿಗೆ ನನ್ನ ಶಾಪ ತಟ್ಟಲಿ. ಕಟ್ಟಿದವರು ನಮ್ಮ ಮಾವನವರೇ. ಪಾಪ, ತಟ್ಟುವುದು ಬೇಡ. ಸುತ್ತಲಿನ ಹಳ್ಳಿಯವರಿಗೆ ಕೋರ್ಟಿಗೂ ಕಡೂರು, ಮದುವೆ ಸೀರೆಗೂ ಕಡೂರು. ಬಂದ ನೆಂಟರ ಬ್ಯಾಗಿಗೆಲ್ಲ ನಮ್ಮ ಜಗಲಿ.

ಇವತ್ತು ಬಿಳಿ ಪಂಚೆಯವರೊಬ್ಬರು ಬಂದು ಫ್ಯಾನ್ ಕೆಳಗೆ ಕೂತರು. ಯಜಮಾನರ ಕಡೆಯವರೆಂದು ನಾನು ಕಾಫಿ ಕೊಟ್ಟೆ. ನನ್ನ ಕಡೆಯವರೆಂದು ಯಜಮಾನರು ಊಟಕ್ಕೆ ಎಬ್ಬಿಸಿದರು. ಮನೆಗೆ ಬಂದು ಕೂತವರನ್ನು ನೀವು ಯಾರೆಂದು ಕೇಳುವುದಕ್ಕಾಗುತ್ತದೆಯೇ? ಎರಡನೇ ಸಲ ಸಾರು ಹಾಕಿಸಿಕೊಂಡು ಅವರೇ ಕೇಳಿದರು, "ಕಣ್ ಡಾಕ್ಟ್ರು ಎಷ್ಟೊತ್ಗೆ ಬತ್ತಾರಮ್ಮ? ನನ್ ನಂಬರ್ ಎಷ್ಟು?"

ಕಣ್ಣಿನ ಕ್ಲಿನಿಕ್ಕು ಪಕ್ಕದ ಕಟ್ಟಡ.

ಸಂಜೆ ಇನ್ನೊಂದು ಬಿಳಿ ಪಂಚೆ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿತ್ತು. ಬುದ್ಧಿ ಬಂದಿತ್ತಲ್ಲ, ಮುಖ ಕಾಣುವ ಮೊದಲೇ ಅಡ್ಡ ನಿಂತು, "ನೀವು ಯಾರ ಕಡೆಯೋರು?" ಎಂದೆ.

"ನಿನ್ ಮದ್ವೆ ಮಾಡ್ಸಿದೋನು ಕಣಮ್ಮ," ಎಂದರು, ಯಜಮಾನರ ಸೋದರಮಾವ ಷಣ್ಮುಖಪ್ಪನವರು. ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿ ಬೀರೂರು ಬಸ್ಸು ಹತ್ತಿದರು.

ಯಜಮಾನರು ಮಾತು ಬಿಟ್ಟಿದ್ದಾರೆ. ಆ ಕಣ್ಣಿನವರು ಮಾತ್ರ ಮುಂದಿನ ಗುರುವಾರ ಹೆಂಡತಿಯನ್ನೂ ಕರೆತರುತ್ತಾರಂತೆ. ಆಕೆಗೆ ಖಾರ ಆಗುವುದಿಲ್ಲವಂತೆ.