ನಡುವಿನ ಹಲಗೆ

ತಾತ,

ಇವತ್ತು ನಿಮ್ಮ ಊಟದ ಮೇಜನ್ನು ಎಳೆದು ತೆರೆದೆ. ಹೌದು, ನಾಲ್ಕು ಜನರೆದುರು ಬಾಯಿ ಬಿಡದ ನಾನೇ.

ನೀವು ರೂಪಿಸಿದ ಈ ಮಾದರಿಯನ್ನು ಬಡಗಿಗಳು ಇಂದಿಗೂ ನೋಡಿ ಮಾಡುತ್ತಾರೆ. ತುದಿಗಳನ್ನು ಎಳೆದು ನಡುವೆ ಇನ್ನೊಂದು ಹಲಗೆ ಕೂರಿಸಬಹುದು. ಆದರೆ ತೇಗದ ಗೆರೆಗಳ ಓಟ ತುಂಡಾಗುತ್ತದೆಂದು ನಮ್ಮ ಮನೆಯಲ್ಲಿ ಒಂದು ದಿನವೂ ತೆರೆಯಗೊಡಲಿಲ್ಲ. ಆರು ಜನರ ಮೇಜು, ಏಳು ಜನರ ಮನೆ. ಅಜ್ಜಿ ಬಡಿಸುತ್ತಾ ನಿಂತೇ ಇದ್ದಳು. ನೀವು ಹೋದ ಮೇಲೂ ನಿಮ್ಮ ಜಾಗದಲ್ಲಿ ಕೂರಲು ಒಪ್ಪಲಿಲ್ಲ.

“ತಾತ ಇದ್ದಿದ್ರೆ ನಿನ್ನ ಚರ್ಮ ಸುಲೀತಿದ್ರು” ಎಂದರು ಅಪ್ಪ.

“ಈಗ ಇಲ್ವಲ್ಲ. ಆ ತುದಿ ಹಿಡ್ಕೊಳ್ಳಿ.”

ಹಿಡಿದರು. ಬೆಳಕು ಕಾಣದ ಹಲಗೆ ಬೇರೆಯದೇ ಬಣ್ಣದಲ್ಲಿತ್ತು. ನಿಮ್ಮ ಗೆರೆ ತುಂಡಾಯಿತು ತಾತ, ಚೆನ್ನಾಗಿಯೇ ತುಂಡಾಯಿತು. ಅಲ್ಲೇ ಅಜ್ಜಿಯನ್ನು ಕೂರಿಸಿದೆ.

“ಸಾರು ಚೆಲ್ಲಿದ್ರೆ ಕಲೆ ಆಗುತ್ತೆ ಕಣೇ” ಎಂದು ತಟ್ಟೆಯನ್ನು ಕೈಯಲ್ಲೇ ಹಿಡಿದಳು.

“ಆಗ್ಲಿ ಬಿಡಜ್ಜಿ” ಎಂದು ಅದನ್ನು ಕಿತ್ತು ಮೇಜಿನ ಮೇಲಿಟ್ಟೆ. ಚೆಲ್ಲಿತು ಕೂಡ. ಯಾರೂ ಒರೆಸಲಿಲ್ಲ.

ಈ ಮೇಜನ್ನು ಇನ್ನು ಮುಚ್ಚುವುದಿಲ್ಲ. ನಿಮ್ಮ ಕುರ್ಚಿಯನ್ನು ಮಾತ್ರ ಯಾರೂ ಕದಲಿಸಿಲ್ಲ. ಉಣ್ಣುತ್ತಾ ಉಣ್ಣುತ್ತಾ ಅಜ್ಜಿ ತನ್ನ ಕುರ್ಚಿಯನ್ನೇ ಅದರತ್ತ ಸರಿಸಿಕೊಂಡಳು.