ಯಮಕನಮರಡಿಯ ಹೊರಸು

ದಡ್ಡಿ,
ಸೋಮವಾರ, ೧೧ ನವೆಂಬರ್ ೧೯೫೭

ಚಿ. ಸೌ. ಮಾಯವ್ವಳಿಗೆ,

ಆಶೀರ್ವಾದ ಮಾಡುವ ಅರ್ಹತೆ ಕಳೆದುಕೊಂಡ ಗಂಡನ ನಮಸ್ಕಾರಗಳು. ನೀನು ಮುಲ್ಕಿ ಪರೀಕ್ಷೆ ಪಾಸಾದವಳು, ಈ ಪತ್ರವನ್ನು ಬೇರೆಯವರಿಂದ ಓದಿಸಬೇಕಾಗಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನೀನು ಯಮಕನಮರಡಿಯ ತವರಿಗೆ ಹೋದ ನಾಲ್ಕು ವರ್ಷಗಳಲ್ಲಿ ಈ ಮನೆಯಲ್ಲಿ ಬೆಳೆದದ್ದು ಎರಡೇ: ಅವ್ವನ ಹೊಟ್ಟೆಯಲ್ಲಿ ಗಡ್ಡೆ, ನನ್ನ ಮೋರೆಯ ಮೇಲೆ ಗಡ್ಡ. ನನ್ನದಕ್ಕೆ ಕ್ಷೌರದ ಕತ್ತಿ ಸಾಕು. ಅವ್ವನದಕ್ಕೆ ಯಾವ ಕತ್ತಿಯೂ ಆಗದೆಂದರು.

ಮೂರು ದವಾಖಾನೆ ತಿರುಗಿದೆ. ಗುಣವಾಗುವ ಆಸೆ ಇದ್ದವರಿಗಷ್ಟೇ ಅಲ್ಲಿ ಮಲಗಲು ಕಾಟು. ಸಾಯುವತನಕ ಇರಲೊಂದು ಜಾಗ ಕೊಡಿರೆಂದು ಕೇಳಿದರೆ, "ಮನೀಗೆ ಒಯ್ರಿ ಮಾಸ್ತರ, ಮನಿಯವರು ಜ್ವಾಪಾನ ಮಾಡ್ತಾರ" ಎಂದರು ಕಡೆಯ ಡಾಕ್ಟರರು. ಮನೆಯವರು! ನಾನು ನಕ್ಕುಬಿಟ್ಟೆ. ನನಗೂ ಔಷಧ ಬರೆಯಬೇಕೇನೋ ಎಂಬಂತೆ ಅವರು ನೋಡಿದರು.

ಹುಕ್ಕೇರಿ ಸಾಲೆಗೆ ರಜೆ ಹಾಕಿ ಒಂದೂವರೆ ತಿಂಗಳಾಯಿತು. ಗಂಜಿಯ ತಿಳಿಯಲ್ಲಿ ಅರಿವೆ ಅದ್ದಿ ತುಟಿಗೆ ಹಿಂಡಲು ಕಲಿತೆ, ಮಗ್ಗಲು ಬದಲಿಸಲು ಕಲಿತೆ. ತೊಳೆಯಲು ಮಾತ್ರ ಅವ್ವ ಬಿಡಲಿಲ್ಲ. ಬಾಜೂ ಮನೆಯ ಕೆಂಚವ್ವ ಮುಂಜಾನೆ ತೊಳೆದು ಹೊಲಕ್ಕೆ ಹೋದರೆ, ಮರುದಿನದ ತನಕ ಹಲ್ಲು ಕಚ್ಚಿ ಹೊಲಸಿನಲ್ಲೇ ಮಲಗಿರುತ್ತಾಳೆ. ಬೆನ್ನೆಲ್ಲ ಹುಣ್ಣು. ನಾನು ನೀರಿನ ಚರಿಗೆ ಹಿಡಿದು ಹೋದರೆ, "ದೂರ ಸರಿ ಮಾಸ್ತರ! ಹಡದ ಮಗನ ಕೈಲೆ ತೊಳಿಸಿಕೊಳ್ಳಾಕ ನನಗ ಮಾನ ಇಲ್ಲೇನು?" ಎನ್ನುತ್ತಾಳೆ.

ನಿನ್ನೆ ನಿನ್ನ ಹೆಸರೆತ್ತಿದಳು. "ಮಾಯವ್ವ ಅವರಪ್ಪನ್ನ ಸಾಯೂತನಕ ಎಂಟು ತಿಂಗಳ ತೊಳದಾಳಂತ. ಬೆನ್ನಿಗೆ ಒಂದು ಹುಣ್ಣ ಆಗಗೊಡಲಿಲ್ಲಂತ. ನಾ ಏನು ತಪ್ಪ ಮಾಡೇನಂತ ಆಕಿ ನನ್ನ ಮಾರಿ ನೋಡಾಕ ಬರವೊಲ್ಲಳು?"

ಉತ್ತರ ನನ್ನ ಬಳಿ ಇತ್ತು. ನಾಲ್ಕು ವರ್ಷದಿಂದ ನುಂಗಿಕೊಂಡಿದ್ದೆ. ನಿಮ್ಮಪ್ಪ ಸತ್ತೆಪ್ಪ ಮಾವ ಹಾಸಿಗೆ ಹಿಡಿದಾಗ, ಇಲ್ಲಿಗೇ ಕರೆತರೋಣವೆಂದು ನೀನು ಕೈಮುಗಿದೆ. ಅಪ್ಪನ ಹೆಣ ಮಗಳ ಮನೆಯಿಂದ ಹೊರಡಬಾರದು, ಅವ್ವ ಒಪ್ಪುವುದಿಲ್ಲ ಎಂದೆ. ಅವ್ವನನ್ನು ನಾನು ಕೇಳಿಯೇ ಇರಲಿಲ್ಲ, ಮಾಯವ್ವ. ಬಿ.ಎ. ಓದಿದವನಿಗೆ ಮಾವನ ಹಾಸಿಗೆಯ ವಾಸನೆ ಬೇಡವಾಗಿತ್ತು. ನೆಪಕ್ಕೆ ಶಾಸ್ತ್ರ ಸಿಕ್ಕಿತು, ಮರೆಗೆ ಅವ್ವ ಸಿಕ್ಕಳು. ಹೋಗುವಾಗ ನೀನು ಅವಳ ಕಾಲು ಮುಟ್ಟಲಿಲ್ಲ. ಏಕೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಅವಳ ಮೇಲಿನ ಸಿಟ್ಟನ್ನು ವಿಳಾಸ ಬದಲಿಸಿ ನನಗೆ ಕಳಿಸು, ಅಷ್ಟೇ.

ಇತಿ, ನಿನ್ನವನೆಂದು ಬರೆಯಲು ಅಂಜುವ
ಮಾಳಪ್ಪ

ತಾ.ಕ.: ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಕೇಳಿದವಳೇ, "ಗಾಡಿ ಹೂಡಸು. ಮಗಳ ಮನ್ಯಾಗ ಸಾಯಬಾರದು, ಖರೆ. ಸೊಸಿ ತವರಮನ್ಯಾಗ ಸಾಯಬಾರದಂತ ಯಾವ ಶಾಸ್ತ್ರದಾಗ ಐತಿ?" ಎಂದಳು. ಈ ಪತ್ರ ನಾಳೆ ಬಸ್ಸಿನವರ ಕೈಯಲ್ಲಿ ಬರುತ್ತದೆ, ಗಾಡಿ ಬುಧವಾರ. ಮಾವ ಮಲಗುತ್ತಿದ್ದ ಹೊರಸು ಇನ್ನೂ ಇದ್ದರೆ ಹಾಕಿಡು. ಒಲ್ಲೆಯಾದರೆ ಬಾಗಿಲು ಹಾಕಿಕೊ, ಗಾಡಿ ತಿರುಗಿ ಬರುತ್ತದೆ. ಜೊತೆಗೆ ಕೆಂಚವ್ವ ಇರುತ್ತಾಳೆ, ನಾನಲ್ಲ. ಅವ್ವ ಹೇಳಿದ್ದಾಳೆ: "ನೀ ಬರಬ್ಯಾಡ. ಹೆಣಕ್ಕ ಹೆಗಲ ಕೊಡಾಕ ಆಕಿ ಹೇಳಿ ಕಳಿಸಿದರ, ಆವಾಗ ಬಾ."